ಬೇರೆಯಾದ ಎಳೆಗಳು ಆಮೇಲೆ ಏನು ಮಾಡುತ್ತವೆ?

ಇವೊನಿಲ್ಡಿ, ಊರವರ ಬಾಯಲ್ಲಿ ನಿಲ್ಡಿ, ಜೀವಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೊದಲ ಸಲ ಮೂರು ಅಂಕ ಕಡಿಮೆ, ಎರಡನೆಯ ಸಲ ಎರಡು. ಎರಡೂ ಸಲ ಅವಳನ್ನು ಕೆಡವಿದ್ದು ಒಂದೇ ಪ್ರಶ್ನೆ. ಉಳಿದಿದ್ದು ಮೂರನೆಯ ಅವಕಾಶ, ಅದೇ ಕೊನೆಯದು. ಅದು ಬಿದ್ದದ್ದು ಜೂನ್ ತಿಂಗಳ ಸಾಂಜುವಾಂವ್ ಸಂತನ ಹಬ್ಬದ ಮುನ್ನಾದಿನ, ಶನಿವಾರ ಬೆಳಿಗ್ಗೆ. ಊರಿಗೆ ಊರೇ ಹಬ್ಬದ ಪಾಯಸಕ್ಕೆ ಮೆಕ್ಕೆಜೋಳ ತುರಿಯುತ್ತ ಕೂತಿರುವ ಹೊತ್ತಿಗೆ ಪರೀಕ್ಷೆ ಇಡುವ ಬುದ್ಧಿ ಹಬ್ಬ ಮಾಡಿ ಗೊತ್ತಿಲ್ಲದವರಿಗೇ ಬರಬೇಕು.

ಅವಳಿಗೆ ಮೂವತ್ತೊಂದು ವರ್ಷ. ಸೆರ್ರಾ ದೊ ಉಂಬುವಿನ ಆರೋಗ್ಯ ಕೇಂದ್ರದಲ್ಲಿ ನೆಲ ಒರೆಸುವುದು, ಕಾಫಿ ಕಾಯಿಸುವುದು, ರೋಗಿಗಳ ಸಾಲು ನೋಡಿಕೊಳ್ಳುವುದು ಅವಳ ಕೆಲಸ. ನೆಲ ಒರೆಸುವ ಆ ಕೈಗೆ ಸೂಜಿ ಹಿಡಿಯುವ ಆಸೆ. ನರ್ಸ್ ಕೋರ್ಸಿಗೆ ಸೇರಬೇಕಾದರೆ ಶಾಲೆ ಮುಗಿಸಿದ ಪತ್ರ ಬೇಕು. ಹದಿನಾಲ್ಕಕ್ಕೇ ಶಾಲೆ ಬಿಟ್ಟವಳ ಬಳಿ ಅದೆಲ್ಲಿಂದ ಬರಬೇಕು? ಅದಕ್ಕೇ ಎರಡು ವರ್ಷದಿಂದ ಪ್ರತಿ ಶನಿವಾರ ದೊಡ್ಡವರ ತರಗತಿಗೆ ಹೋಗುತ್ತಿದ್ದಳು. ಪೋರ್ಚುಗೀಸ್, ಗಣಿತ, ಚರಿತ್ರೆ ಎಲ್ಲ ಮುಗಿಸಿದ್ದಳು. ಬಾಕಿ ಉಳಿದಿದ್ದು ಜೀವಶಾಸ್ತ್ರ, ಅದರಲ್ಲೂ ಕೋಶ ವಿಭಜನೆ.

ತಪ್ಪು ಅವಳೊಬ್ಬಳದೇ ಎಂದರೆ ಅನ್ಯಾಯವಾಗುತ್ತದೆ. ಅದರಲ್ಲಿ ಅರ್ಧ ಅದೈಲ್ಸನ್ ಮೇಷ್ಟ್ರಿಗೆ ಸೇರಬೇಕು. ಇಪ್ಪತ್ತಾರು ವರ್ಷದ ಹುಡುಗ. ಎದುರಿಗೆ ಕೂತ ಹತ್ತೊಂಬತ್ತು ಮಂದಿಯೂ ಅವನಿಗಿಂತ ದೊಡ್ಡವರು. ಹಲಗೆಯ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ನಾಲ್ಕು ಸೊಟ್ಟ ಗೆರೆ ಎಳೆದು, "ಇವು ವರ್ಣತಂತುಗಳು, ನಮ್ಮ ಮೈಯ ಲೆಕ್ಕಪತ್ರವೆಲ್ಲ ಈ ಎಳೆಗಳಲ್ಲೇ ಇದೆ" ಎಂದ. ಐವತ್ತೆಂಟು ವರ್ಷದ ಸೆವ್ ಜೆನಿವಾಲ್ ಕನ್ನಡಕ ಸರಿ ಮಾಡಿಕೊಂಡು, "ಶಾವಿಗೆ ಇದ್ದಂಗಿದೆಯಲ್ಲ ಮೇಷ್ಟ್ರೇ" ಎಂದ. ತರಗತಿಯೆಲ್ಲ ನಕ್ಕಿತು. ಹಂತಗಳ ಹೆಸರೇನೋ ಎಲ್ಲರಿಗೂ ಬಾಯಿಗೆ ಬಂತು. ಪೋರ್ಚುಗೀಸ್ ಮಾತಾಡುವ ಆ ದೇಶದ ಮಕ್ಕಳೆಲ್ಲ ಕಲಿಯುವ ಒಂದು ಮಾತಿದೆ: ಪ್ರೊಮೆಟಾ, ಆನಾ, ಟೆಲೆಫೊನಾರ್. ಫೋನ್ ಮಾಡ್ತೀನಿ ಅಂತ ಮಾತು ಕೊಡು ಆನಾ, ಎಂದು ಅರ್ಥ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್ ಎಂದು ಸಾಲಾಗಿ ನೆನಪಿಡಲು. ಹೆಸರು ಬಂತು, ಆದರೆ ಒಳಗೆ ಏನು ನಡೆಯುತ್ತದೆ ಎಂಬುದು ಒಬ್ಬರಿಗೂ ಬರಲಿಲ್ಲ.

ಆಗ ಮೇಷ್ಟ್ರಿಗೆ ಹೊಳೆದದ್ದು ಕ್ವದ್ರಿಲ್ಯಾ. ಜೂನ್ ಬಂತೆಂದರೆ ಈ ಸೀಮೆಯಲ್ಲಿ ನಡೆಯಲು ಬರುವವರೆಲ್ಲ ಕುಣಿಯುವ ಜೋಡಿ ಕುಣಿತ ಅದು. ಒಬ್ಬ ಕೂಗಿ ಹೇಳುತ್ತಾನೆ, ಉಳಿದವರು ಅವನು ಹೇಳಿದಂತೆ ಕೂಡುತ್ತಾರೆ, ಅಗಲುತ್ತಾರೆ, ಸುತ್ತುತ್ತಾರೆ. ಮೂವತ್ತು ವರ್ಷದಿಂದ ಊರಿನ ಕ್ವದ್ರಿಲ್ಯಾ ಕೂಗುತ್ತಿದ್ದವನು ಇದೇ ಸೆವ್ ಜೆನಿವಾಲ್. ಅವನನ್ನು ಕುರ್ಚಿಯ ಮೇಲೆ ಹತ್ತಿಸಿ, ಉಳಿದ ಹದಿನೆಂಟು ಮಂದಿಯನ್ನು ಒಂಬತ್ತು ಜೋಡಿ ಮಾಡಿ ಮೇಷ್ಟ್ರು ಶಾಲೆಯ ಅಂಗಳಕ್ಕಿಳಿಸಿದ.

"ಪ್ರತಿ ಎಳೆಯೂ ಮೊದಲೇ ತನ್ನ ನಕಲು ತಾನೇ ಮಾಡ್ಕೊಂಡಿರುತ್ತೆ. ಆ ಎರಡಕ್ಕೂ ಸೋದರಿಯರು ಅಂತ ಹೆಸರು. ಕೈ ಹಿಡ್ಕೊಳಿ. ಈಗ ನೀವು ಸೋದರಿಯರು," ಎಂದ. ಕಟುಕ ತ್ಸಿಕ್ಕೊ ಮೀಸೆ ತಿರುವಿ ತನ್ನ ಜೋಡಿಯ ಕೈ ಹಿಡಿದ. ಪ್ರೊಫೇಸ್ ಎಂದಾಗ ಜೋಡಿಗಳು ಬಿಗಿಯಾಗಿ ಒತ್ತಿಕೊಂಡವು, ಸುತ್ತ ಇಟ್ಟ ಬೆಂಚುಗಳನ್ನು, ಅಂದರೆ ಕೋಶಕೇಂದ್ರದ ಗೋಡೆಯನ್ನು, ತೆಗೆದು ಹಾಕಿದರು. ಮೆಟಾಫೇಸ್ ಎಂದಾಗ ಎಲ್ಲ ಜೋಡಿಗಳೂ ಅಂಗಳದ ನಟ್ಟನಡುವೆ ಸಾಲಾಗಿ ನಿಂತವು. ಅನಾಫೇಸ್ ಎಂದಾಗ ಕೈ ಬಿಟ್ಟು ಒಬ್ಬರು ಚರ್ಚಿನ ಕಡೆಗೆ, ಇನ್ನೊಬ್ಬರು ನೀರಿನ ಟ್ಯಾಂಕಿನ ಕಡೆಗೆ. ಟೆಲೊಫೇಸಿನಲ್ಲಿ ಆ ಕಡೆ ಒಂಬತ್ತು ಮಂದಿಯ ಒಂದು ಸುತ್ತು, ಈ ಕಡೆ ಒಂಬತ್ತು ಮಂದಿಯ ಇನ್ನೊಂದು ಸುತ್ತು. ಪಾಠ ಕಣ್ಣಿಗೆ ಕಟ್ಟಿದಂತಾಯಿತು. ಮೇಷ್ಟ್ರು ಎದೆಯುಬ್ಬಿಸಿ ಮನೆಗೆ ಹೋದ.

ಉತ್ತರಪತ್ರಿಕೆ ಕೈಗೆ ಬಂದಾಗ ಉಬ್ಬಿದ ಎದೆ ಠುಸ್ಸೆಂದಿತು. ಎರಡು ತುದಿಗೆ ಹೋದ ಎಳೆಗಳು ಆಮೇಲೆ ಏನು ಮಾಡುತ್ತವೆ ಎಂಬ ಪ್ರಶ್ನೆಗೆ ಹದಿನಾಲ್ಕು ಮಂದಿ ಒಂದೇ ಉತ್ತರ ಬರೆದಿದ್ದರು: ತಮ್ಮ ತಮ್ಮ ಜೋಡಿಗೆ ವಾಪಸ್ ಬರುತ್ತವೆ. ಬರೆಯದೆ ಇನ್ನೇನು ಮಾಡಿಯಾರು? ಕ್ವದ್ರಿಲ್ಯಾದಲ್ಲಿ ಅಗಲಿದ ಜೋಡಿ ಮತ್ತೆ ಸೇರಲೇಬೇಕು. ಸೇರದೆ ಕುಣಿತ ಮುಗಿದದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಸೆವ್ ಜೆನಿವಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಎಳೆಗಳು ಅರ್ಧ ದಾರಿಯಲ್ಲಿ ಮಳೆ ಬಂತೆಂದು ಹಿಂದಕ್ಕೆ ತಿರುಗುತ್ತವೆ, ಮಳೆ ಸುಳ್ಳೆಂದು ತಿಳಿದ ಮೇಲೆ ಮತ್ತೆ ಮುಂದೆ ಹೋಗುತ್ತವೆ ಎಂದು ಬರೆದಿದ್ದ, ಏಕೆಂದರೆ ಕುಣಿತದಲ್ಲಿ ಹಾಗೆ ಕೂಗಿ ಜನರನ್ನು ತಿರುಗಿಸುವವನು ಅವನೇ.

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತ, ಆಮೇಲೆ ನಕ್ಕ. ಮುಂದಿನ ಶನಿವಾರ ಮತ್ತೆ ಅಂಗಳಕ್ಕಿಳಿಸಿ, "ಹೋದವರು ಹೋದ್ರು, ವಾಪಸ್ ಬರೋ ಹಾಗಿಲ್ಲ," ಎಂದು ನಡುವೆ ಹಗ್ಗ ಎಳೆದ. ಆದರೂ ಟೆಲೊಫೇಸ್ ಮುಗಿದದ್ದೇ ತಡ, ಕಾಲು ರೂಢಿಗೆ ಬಿದ್ದು ನಾಲ್ಕು ಜನ ಹಗ್ಗ ಹಾರಿ ಜೋಡಿಯ ಕಡೆ ಓಡಿದರು. ಮೂರು ಸಲ ಕುಣಿಸಿದ ಮೇಲೆ ಉಳಿದವರೆಲ್ಲ ದಾರಿಗೆ ಬಂದರು, ಎರಡನೆಯ ಪರೀಕ್ಷೆಯಲ್ಲಿ ಪಾಸೂ ಆದರು. ದಾರಿಗೆ ಬಾರದೆ ಉಳಿದವಳು ನಿಲ್ಡಿ ಒಬ್ಬಳೇ.

ಅದಕ್ಕೆ ಕಾರಣ ಅವಳ ಅಕ್ಕ ಜುಲೈಡಿ.

ಗಂಡಸರೆಲ್ಲ ಕಬ್ಬು ಕಡಿಯಲು ದಕ್ಷಿಣಕ್ಕೆ ಹೋಗುವ ಊರು ಇದು. ಕುಣಿತಕ್ಕೆ ಗಂಡು ಸಾಲದೆ ಬಂದಾಗ ಹುಡುಗಿಯರೇ ಗಂಡು ವೇಷ ಹಾಕುತ್ತಿದ್ದರು. ಜುಲೈಡಿ ಹದಿಮೂರನೆಯ ವಯಸ್ಸಿಗೇ ಅಪ್ಪನ ಪ್ಯಾಂಟು ಸೊಂಟಕ್ಕೆ ಹಗ್ಗದಿಂದ ಬಿಗಿದು, ಸುಟ್ಟ ಬೆಂಡಿನ ಮಸಿಯಿಂದ ಮೀಸೆ ಬರೆದುಕೊಂಡು ತಂಗಿಯ ಜೋಡಿಯಾಗಿ ನಿಂತಳು. ಎಂಟು ವರ್ಷ ಅಕ್ಕತಂಗಿ ಒಬ್ಬರ ಕೈ ಒಬ್ಬರು ಬಿಡದೆ ಕುಣಿದರು. ಅಗಲುವ ಸುತ್ತು ಬಂದಾಗ ಜುಲೈಡಿ ಆ ತುದಿಯಿಂದ ಹುಬ್ಬು ಹಾರಿಸಿ ನಗಿಸುತ್ತಿದ್ದಳು. ಜೆನಿವಾಲ್ ಜೋಡಿಗೆ ಸೇರಿ ಎಂದು ಕೂಗುವ ಮೊದಲೇ ಓಡಿ ಬಂದು ತಂಗಿಯ ಸೊಂಟ ಹಿಡಿದು ಎತ್ತುತ್ತಿದ್ದಳು. ಅದಕ್ಕೆ ಅವನು ಪ್ರತಿ ವರ್ಷ ಬೈಯುತ್ತಿದ್ದ.

ಹನ್ನೆರಡು ವರ್ಷದ ಹಿಂದೆ ಜುಲೈಡಿ ಸಾವೊ ಪೌಲೊ ಬಸ್ಸು ಹತ್ತಿದಳು. ಹೋಟೆಲಿನ ಬಟ್ಟೆ ಒಗೆಯುವ ಕೆಲಸ. ಜೂನಿನಲ್ಲಿ ಬಂದೇ ಬರ್ತೀನಿ ಎಂದಿದ್ದಳು. ಮೊದಲ ಜೂನಿನಲ್ಲಿ ರಜೆ ಸಿಗಲಿಲ್ಲ. ಆಮೇಲೆ ಮದುವೆ, ಆಮೇಲೆ ಕಾಲು ಮುರಿತ, ಆಮೇಲೆ ಗಂಡನ ಕೆಲಸ. ಪ್ರತಿ ವರ್ಷ ಮೇ ತಿಂಗಳಲ್ಲಿ ಬರುತ್ತೇನೆ ಎಂಬ ಫೋನು, ಜೂನಿನಲ್ಲಿ ಆಗಲಿಲ್ಲ ಎಂಬ ಫೋನು. ಈ ಹನ್ನೆರಡು ವರ್ಷ ಹಬ್ಬದ ಅಂಗಳದಲ್ಲಿ ನಿಲ್ಡಿ ಯಾರ ಕೈ ಹಿಡಿದೂ ಕುಣಿಯಲಿಲ್ಲ. ಕುಣಿತದ ಹೊತ್ತಿಗೆ ಅಮ್ಮನ ಅಂಗಡಿಯಲ್ಲಿ ನಿಂತು ಜೋಳದ ಪಾಯಸ ಬಡಿಸುತ್ತಿದ್ದಳು. ತ್ಸಿಕ್ಕೊ ಎರಡು ಮೂರು ಸಲ ಕರೆದು ನೋಡಿದ. "ನನ್ನ ಜೋಡಿ ಬರ್ತಾಳೆ," ಎಂದು ಅವನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿ ಕಳಿಸಿದಳು.

ಎರಡನೆಯ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು ಮೇಷ್ಟ್ರು ಆರೋಗ್ಯ ಕೇಂದ್ರಕ್ಕೇ ಬಂದಿದ್ದ.

"ಇಲ್ಲಿ ನೋಡಿ ನಿಲ್ಡಿ. ವಾಪಸ್ ಬರಲ್ಲ ಅಂತ ಸರಿಯಾಗೇ ಬರ್ದಿದ್ದೀರಿ. ಆಮೇಲೆ ಹೊಡೆದು ಹಾಕಿದ್ದೀರಿ. ಯಾಕೆ?"

"ಬರೀತಾ ಕೈ ನಿಂತುಬಿಡ್ತು ಮೇಷ್ಟ್ರೇ."

"ಗೊತ್ತಿದ್ದೂ?"

"ಗೊತ್ತಿದ್ರೆ ಏನು, ನಾನೇ ನನ್ನ ಕೈಯಾರ ಬರೀಬೇಕಲ್ಲ."

ಹುಡುಗನಿಗೆ ಅರ್ಥವಾಯಿತು. ಸಣ್ಣ ಊರು, ಯಾರು ಯಾರಿಗೆ ಕಾಯುತ್ತಾರೆ ಎಂಬುದು ನಾಯಿಗೂ ಗೊತ್ತಿರುತ್ತದೆ. ಬೆಂಚಿನ ಮೇಲೆ ಕೂತು ಅವಳು ಕೊಟ್ಟ ಕಾಫಿ ಕುಡಿಯುತ್ತ ನಿಧಾನವಾಗಿ ಹೇಳಿದ: "ಅವು ಯಾಕೆ ಬೇರೆ ಆಗ್ತವೆ ಅಂದ್ರೆ, ಎರಡು ಕಡೇನೂ ಜೀವ ಬೆಳೀಬೇಕು. ಬೇರೆ ಆಗದೆ ಅಲ್ಲೇ ಅಂಟಿಕೊಂಡ್ರೆ ಎರಡೂ ಕೋಶ ಕೆಡ್ತವೆ. ಹೋದದ್ದು ಅರ್ಧ ಅಲ್ಲ, ಉಳಿದದ್ದೂ ಅರ್ಧ ಅಲ್ಲ. ಎರಡೂ ಪೂರ್ತಿ."

ನಿಲ್ಡಿ ಸ್ವಲ್ಪ ಹೊತ್ತು ಲೋಟ ಒರೆಸಿದಳು. "ಆ ಕಡೆ ಹೋದದ್ದಕ್ಕೆ ಈ ಕಡೇದರ ನೆನಪಿರುತ್ತಾ?"

"ಪುಸ್ತಕದಲ್ಲಿ ಅದನ್ನ ಬರ್ದಿಲ್ಲ," ಎಂದ ಮೇಷ್ಟ್ರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಅವನ ಮೇಲೆ ಅವಳಿಗೆ ಗೌರವ.

ಈ ವರ್ಷ ಮಾತ್ರ ಎಲ್ಲ ಬೇರೆಯಾಗಿತ್ತು. ಜುಲೈಡಿ ಟಿಕೆಟ್ಟಿನ ಫೋಟೋ ಕಳಿಸಿದ್ದಳು. ಗುರುವಾರ ಹೊರಡುವ ಬಸ್ಸು, ಶನಿವಾರ ಸಂಜೆಗೆ ಊರು. ಅಮ್ಮ ದೊನಾ ಕಿತೇರಿಯಾ ಆ ಫೋಟೋವನ್ನು ಬೀದಿಯ ಎಲ್ಲರಿಗೂ ತೋರಿಸಿ ಬಂದಳು. ಸತ್ತ ಗಂಡನ ಪ್ಯಾಂಟನ್ನು ಪೆಟ್ಟಿಗೆಯಿಂದ ತೆಗೆದು, ಒಗೆದು, ಇಸ್ತ್ರಿ ಮಾಡಿ ಗೂಟಕ್ಕೆ ನೇತು ಹಾಕಿದಳು. "ಈಗ ಅವಳಿಗೆ ಹಗ್ಗ ಬೇಕಾಗಲ್ಲ ಬಿಡು, ಪೇಟೆ ಅನ್ನ ತಿಂದಿದ್ದಾಳೆ," ಎಂದು ನಕ್ಕಳು. ನಿಲ್ಡಿಯೂ ಹೊಸ ಹೂವಿನ ಲಂಗ ಹೊಲಿಸಿದಳು. ರಾತ್ರಿ ಓದುವ ಪುಸ್ತಕ ತೆರೆದರೆ ಟೆಲೊಫೇಸಿನ ಚಿತ್ರದಲ್ಲಿ ಆ ಎರಡು ಸುತ್ತುಗಳು ಅವಳನ್ನು ಹೆದರಿಸುತ್ತಿರಲಿಲ್ಲ. ಅಕ್ಕ ಬರುತ್ತಾಳೆ, ಇನ್ನು ಪರೀಕ್ಷೆಯಲ್ಲಿ ಏನು ಬರೆದರೇನು ಎಂಬ ಧೈರ್ಯ.

ಶುಕ್ರವಾರ ಮಧ್ಯಾಹ್ನ, ರೋಗಿಗಳೆಲ್ಲ ಹೋದ ಮೇಲೆ, ನೆಲ ಒರೆಸುವಾಗ ಫೋನು ಬಂತು. ಕೋಲನ್ನು ಗೋಡೆಗೆ ಒರಗಿಸಿ ಓಡಿ ಎತ್ತಿದಳು.

"ಎಲ್ಲಿದ್ದೀಯಾ ಅಕ್ಕ? ಬಾಹಿಯಾ ದಾಟಿತಾ ಬಸ್ಸು?"

"ಮನೇಲಿದ್ದೀನಿ ನಿಲ್ಡಿ."

"ಯಾರ ಮನೇಲಿ?"

"ನನ್ನ ಮನೇಲಿ. ಇಲ್ಲೇ."

ನಿಲ್ಡಿ ಒದ್ದೆ ನೆಲದ ಮೇಲೆ ಹಾಗೇ ನಿಂತಳು. ಬಸ್ಸು ತಪ್ಪಿತಾ, ಜ್ವರವಾ, ಗಂಡ ಬೇಡ ಅಂದನಾ ಎಂದು ಒಂದೊಂದಾಗಿ ಕೇಳಿದಳು. ನೆವಗಳನ್ನು ಅವಳೇ ಎತ್ತಿ ಕೊಡುತ್ತಿದ್ದಳು, ಅಕ್ಕ ಯಾವುದಾದರೂ ಒಂದನ್ನು ಹಿಡಿದುಕೊಳ್ಳಲಿ ಎಂದು. ಜುಲೈಡಿ ಯಾವುದನ್ನೂ ಹಿಡಿಯಲಿಲ್ಲ.

"ಬಸ್‌ಸ್ಟ್ಯಾಂಡ್‌ವರೆಗೂ ಹೋಗಿದ್ದೆ. ಬ್ಯಾಗು ಒಳಗಿಡು ಅಂದ ಡ್ರೈವರ್ರು. ಇಡೋಕಾಗ್ಲಿಲ್ಲ. ಟಿಕೆಟ್ ವಾಪಸ್ ಕೊಟ್ಟು ಮನೆಗೆ ಬಂದ್ಬಿಟ್ಟೆ."

"ಯಾಕಕ್ಕ?"

"ಭಯ ಆಯ್ತು ಕಣೆ. ನೀವು ಕಾಯ್ತಿರೋದು ಇಪ್ಪತ್ತೊಂದು ವರ್ಷದವಳಿಗೆ. ನಾನು ಅವಳಲ್ಲ. ನನ್ನ ಮಂಡಿ ನೋವಿಗೆ ಮೆಟ್ಟಿಲು ಹತ್ತೋಕಾಗಲ್ಲ, ನಿನ್ನ ಸೊಂಟ ಹಿಡಿದು ಎತ್ತಲಾ?"

"ಎತ್ತು ಅಂತ ಯಾರು ಹೇಳಿದ್ರು. ಸುಮ್ನೆ ಬಂದು ಕೂತ್ಕೊ ಸಾಕು. ನಾನೇ ಎತ್ತುತೀನಿ."

ಆ ಕಡೆ ಜುಲೈಡಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಪ್ರತಿ ವರ್ಷ ಮುಂದಿನ ವರ್ಷ ಅಂತೀನಿ. ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆಗೇ ಹೇಸಿಗೆ ಆಗಿದೆ. ಈ ವರ್ಷ ಅಂತಲ್ಲ ನಿಲ್ಡಿ, ನಾನು ಬರಲ್ಲ. ನನ್ನ ಊರು ಇದೇ ಆಗೋಯ್ತು. ನೀನು ಇಲ್ಲಿಗೆ ಬಾ, ಹತ್ತು ದಿನ ಇರು. ಅಮ್ಮನಿಗೆ ನೀನೇ ಹೇಳು, ನನ್ನ ಕೈಲಿ ಆಗಲ್ಲ."

"ನಾಳೆ ನನಗೆ ಪರೀಕ್ಷೆ ಇದೆ," ಎಂದಳು ನಿಲ್ಡಿ.

"ಯಾವ ಪರೀಕ್ಷೆ?"

ಹನ್ನೆರಡು ವರ್ಷದಲ್ಲಿ ಅಕ್ಕನ ಮೇಲೆ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು. ಮೂರು ಸಲ ಹೇಳಿದ್ದಳು, ಕೋಶ, ಎಳೆ, ಎರಡು ಸಲ ಫೇಲು, ಎಲ್ಲ. ಜುಲೈಡಿಗೆ ಒಂದೂ ನೆನಪಿರಲಿಲ್ಲ. ಏನಿಲ್ಲ ಬಿಡು ಎಂದು ಫೋನಿಟ್ಟಳು. ಅಷ್ಟು ಸಿಟ್ಟು ಬಂದರೂ, ಫೋನಿಟ್ಟ ಮರುಕ್ಷಣ ಅವಳಿಗೆ ಬೇಕೆನಿಸಿದ್ದು ಅಕ್ಕನೇ. ಇದನ್ನು ಹೇಳಿಕೊಳ್ಳಲು ಅವಳಿಗೆ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ.

ಮನೆಗೆ ಬಂದರೆ ಅಮ್ಮ ಹಿತ್ತಲಲ್ಲಿ ಎಳೆ ಜೋಳದ ರಾಶಿಯ ನಡುವೆ ಕೂತು ತುರಿಯುತ್ತಿದ್ದಳು. ಮೊಣಕೈವರೆಗೂ ಹಾಲು ಮೆತ್ತಿತ್ತು. "ನಾಳೆ ಬಸ್ಸು ಐದಕ್ಕಾ ಆರಕ್ಕಾ?" ಎಂದು ಕೇಳಿದಳು.

"ನಾಳೆ ನೋಡೋಣಮ್ಮ," ಎಂದಳು ನಿಲ್ಡಿ. ಕೂತು ತಾನೂ ಜೋಳದ ಸಿಪ್ಪೆ ಬಿಡಿಸಿದಳು. ಅಮ್ಮ ಸಂಜೆಯವರೆಗೂ ಜುಲೈಡಿಗೆ ಯಾವುದು ಇಷ್ಟ, ಸಕ್ಕರೆ ಎಷ್ಟು, ದಾಲ್ಚಿನ್ನಿ ಎಷ್ಟು ಎಂದು ಹೇಳುತ್ತಲೇ ಇದ್ದಳು. ನಿಲ್ಡಿ ಹೂಂಗುಟ್ಟುತ್ತಲೇ ಇದ್ದಳು. ಹೇಳಿದರೆ ಅಮ್ಮ ಅಳುತ್ತಾಳೆ, ಅಮ್ಮ ಅತ್ತರೆ ತಾನೂ ಅಳಬೇಕು, ಅತ್ತ ಕಣ್ಣಲ್ಲಿ ಬೆಳಿಗ್ಗೆ ಪರೀಕ್ಷೆ ಬರೆಯುವುದು ಹೇಗೆ?

ಶನಿವಾರ ಎಂಟು ಗಂಟೆಗೆ ಶಾಲೆಯಲ್ಲಿ ಅವಳೊಬ್ಬಳೇ. ಇಡೀ ತರಗತಿಗೆ ಒಂದೇ ಬೆಂಚಿನಲ್ಲಿ ಜನ. ಹೊರಗೆ ಸೆವ್ ಜೆನಿವಾಲ್ ಕುಣಿತದ ಅಂಗಳಕ್ಕೆ ಬಣ್ಣದ ಕಾಗದದ ತೋರಣ ಕಟ್ಟಿಸುತ್ತಿದ್ದ. ಕಿಟಕಿಯಲ್ಲಿ ತಲೆ ಹಾಕಿ, "ಮಳೆ ಬಂತು ಅಂತ ಮಾತ್ರ ಬರೀಬೇಡ ತಾಯಿ, ಅದಕ್ಕೆ ನನಗೆ ಸೊನ್ನೆ ಕೊಟ್ಟಿದ್ರು," ಎಂದು ಹೋದ.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಎಳೆಗಳು ದಪ್ಪವಾಗುವುದನ್ನು ಬರೆದಳು. ಗೋಡೆ ಕರಗುವುದನ್ನು ಬರೆದಳು. ನಡುವೆ ಸಾಲು ನಿಲ್ಲುವ ಚಿತ್ರವನ್ನು ಮೇಷ್ಟ್ರಿಗಿಂತ ಚೆನ್ನಾಗಿ ಬಿಡಿಸಿದಳು. ಆಮೇಲೆ ಆ ಪ್ರಶ್ನೆ ಬಂತು, ಒಂಬತ್ತನೆಯದು.

ಪೆನ್ನಿಟ್ಟು ಹೊರಗೆ ನೋಡಿದಳು. ಮೇಷ್ಟ್ರು ಗಡಿಯಾರ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. ಅವಳಿಗೆ ಜುಲೈಡಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತಿದ್ದು ಕಂಡಿತು. ಎಂದೂ ನೋಡದ ಆ ಜಾಗ, ಎಂದೂ ನೋಡದ ಆ ಬ್ಯಾಗು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ತೆಗೆದದ್ದು. ಎರಡು ಪಟ್ಟಣದಷ್ಟು ಜನರ ನಡುವೆ ಒಬ್ಬಳೇ ಮನೆಗೆ ನಡೆದು ಹೋದದ್ದು, ಆ ಮನೆಯಲ್ಲಿ ಅವಳ ಗಂಡ, ಅವಳ ಒಲೆ, ಅವಳ ಬಟ್ಟಲು. ಅಲ್ಲಿ ಒಂದು ಪೂರ್ತಿ ಬದುಕಿತ್ತು. ಅದರೊಳಗೆ ಏನೂ ಕಡಿಮೆಯಿರಲಿಲ್ಲ. ಇದು ನಿಲ್ಡಿಗೆ ಸಮಾಧಾನ ಕೊಡಲಿಲ್ಲ, ಹೊಟ್ಟೆಯುರಿಸಿತು. ಆದರೂ ಅದು ನಿಜ ಎಂದು ಮೊದಲ ಸಲ ಅನಿಸಿತು.

ಪೆನ್ನು ತೆಗೆದುಕೊಂಡು ಬರೆದಳು: ಬೇರೆಯಾದ ಎಳೆಗಳು ತಮ್ಮ ಜೋಡಿಗೆ ವಾಪಸ್ ಬರುವುದಿಲ್ಲ. ತಾವು ಹೋದ ಕಡೆಯೇ ನಿಲ್ಲುತ್ತವೆ. ಅವುಗಳ ಸುತ್ತ ಹೊಸ ಗೋಡೆ ಬೆಳೆಯುತ್ತದೆ. ಆಮೇಲೆ ಅವು ಸಡಿಲಾಗುತ್ತವೆ. ನಡುವೆ ಕೋಶ ಎರಡಾಗುತ್ತದೆ. ಎರಡೂ ಪೂರ್ತಿ.

ಕಡೆಯ ಎರಡು ಪದ ಬರೆಯುವಾಗ ಕಣ್ಣು ಮಂಜಾಗಿ ಸಾಲು ಸೊಟ್ಟಗಾಯಿತು. ಹೊಡೆದು ಹಾಕಲಿಲ್ಲ.

ಮೇಷ್ಟ್ರು ಅಲ್ಲೇ ಕೂತು ತಿದ್ದಿದ. ಒಂಬತ್ತನೆಯ ಉತ್ತರದ ಮೇಲೆ ಕೆಂಪು ಪೆನ್ನು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಸರಿ ಗುರುತು ಹಾಕಿತು. ಒಟ್ಟು ಕೂಡಿಸಿ, "ಪಾಸು ನಿಲ್ಡಿ. ಅರವತ್ತಮೂರು. ಇನ್ನು ಕೋರ್ಸಿಗೆ ಅರ್ಜಿ ಹಾಕಿ," ಎಂದ. ಅವಳು ಥ್ಯಾಂಕ್ಸ್ ಹೇಳಿ ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ಬಹಳ ಹೊತ್ತು ತೊಳೆದಳು.

ಮನೆಯಲ್ಲಿ ಅಮ್ಮ ಒಲೆಯ ಮುಂದೆ ಪಾಯಸ ತಿರುವುತ್ತಿದ್ದಳು. ನಿಲ್ಡಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮ, ಅಕ್ಕ ಬರಲ್ಲ. ನಿನ್ನೆ ಫೋನ್ ಮಾಡಿದ್ಲು. ಈ ವರ್ಷಾನೂ ಇಲ್ಲ, ಇನ್ಯಾವ ವರ್ಷಾನೂ ಇಲ್ಲ ಅಂದ್ಲು."

ದೊನಾ ಕಿತೇರಿಯಾಳ ಸೌಟು ನಿಲ್ಲಲಿಲ್ಲ. ನಿಂತರೆ ತಳ ಹಿಡಿಯುತ್ತದೆ. ಎಷ್ಟೋ ಸುತ್ತು ತಿರುವಿದ ಮೇಲೆ, "ನಿನ್ನೇನೇ ಗೊತ್ತಿತ್ತು ನನಗೆ," ಎಂದಳು. "ನಿನ್ನ ಮುಖ ನೋಡಿದ್ನಲ್ಲ. ಪರೀಕ್ಷೆ ಮುಗೀಲಿ ಅಂತ ಸುಮ್ಮನಿದ್ದೆ."

ಸಕ್ಕರೆ, ದಾಲ್ಚಿನ್ನಿ ಎಂದು ಸಂಜೆಯವರೆಗೂ ಮಾತಾಡಿದ್ದು ಅದಕ್ಕೇ. ನಿಲ್ಡಿ ಅಮ್ಮನ ಭುಜಕ್ಕೆ ತಲೆ ಒರಗಿಸಿದಳು. ಇಬ್ಬರೂ ಅತ್ತರು, ಅಮ್ಮ ತಿರುವುತ್ತಲೇ ಅತ್ತಳು.

"ಪಾಸಾದ್ಯಾ?"

"ಆದೆ."

"ಆ ಪ್ರಶ್ನೆ ಬಂದಿತ್ತಾ? ನಿನ್ನ ಗೋಳಾಡಿಸ್ತಿತ್ತಲ್ಲ, ಅದು?"

"ಬಂದಿತ್ತು. ಬೇರೆ ಆದವು ವಾಪಸ್ ಬರಲ್ಲ ಅಂತ ಬರೆದೆ."

"ಅದೇ ಸರಿಯಾದ ಉತ್ತರವಾ?"

"ಹೂಂ."

ಅಮ್ಮ ಸೆರಗಿನಂತೆ ಕಟ್ಟಿಕೊಂಡಿದ್ದ ಅಡುಗೆ ಬಟ್ಟೆಯಿಂದ ಮೂಗೊರೆಸಿಕೊಂಡಳು. ಪಾತ್ರೆಯನ್ನು ಒಲೆಯಿಂದ ಇಳಿಸಿ ನೆಲಕ್ಕಿಟ್ಟಳು.

"ಅದಕ್ಕೆ ಎಷ್ಟು ಅಂಕ ಕೊಡ್ತಾರೆ?"

"ನಾಲ್ಕು."

"ನಾಲ್ಕೇನಾ," ಎಂದಳು ದೊನಾ ಕಿತೇರಿಯಾ. "ಅಷ್ಟು ಬರೆಯೋದಕ್ಕೆ ಬರೀ ನಾಲ್ಕೇನಾ."